ಬೇಕಂತಲೇ ಬರೆದ ತಪ್ಪು

ಫಕೀರವ್ವ ಟೀಚರ್ ಗಣಿತದ ಪಾಠ ಶುರು ಮಾಡುತ್ತಿದ್ದುದೇ ಬೋರ್ಡಿನ ಮೇಲೆ ಬೇಕಂತಲೇ ಒಂದು ತಪ್ಪು ಬರೆದು. ಅದನ್ನು ಹುಡುಕಲು ಮಕ್ಕಳು ಮುಗಿಬೀಳುತ್ತಿದ್ದರು. ತಪಾಸಣೆಗೆ ಬಂದ ಸಾಹೇಬರು ಅದನ್ನು ಕಂಡು ಮಕ್ಕಳೆದುರೇ ಕಿರುಚಾಡಿದರು.

"ತಪ್ಪು ಕಲಿಸೋಕೆ ನಿನಗೆ ಸಂಬಳ ಬೇರೆ ಕೇಡು! ವರ್ಗ ಮಾಡಿಸ್ತೀನಿ!"

ಫಕೀರವ್ವನವರಿಗೆ ಮೈಯೆಲ್ಲ ಉರಿಯಿತು. ಹಲ್ಲು ಕಚ್ಚಿಕೊಂಡು ಚಾಕ್‌ಪೀಸ್ ಮುಂದೆ ಹಿಡಿದರು. "ಹಂಗಾರ ಪಾಠ ಹೆಂಗ ಶುರು ಮಾಡಬೇಕು, ನೀವ ತೋರಸ್ರಿ."

ಸಾಹೇಬರು ಗತ್ತಿನಿಂದ ಬರೆದರು: 'ಎಲ್ಲ ಆಯತಗಳೂ ಚೌಕಗಳೇ.'

"ತಪ್ಪೈತ್ರೀ ಸರ!" ಎಂದು ಇಡೀ ತರಗತಿ ಕೂಗಿತು. "ಈ ಬೋರ್ಡ್ ಆಯತ ಐತ್ರಿ, ಚೌಕ ಎಲ್ಲೈತಿ?"

ಸಾಹೇಬರ ಮುಖ ಕಪ್ಪಿಟ್ಟಿತು. "ನಿಮ್ಮನ್ನ ಪರೀಕ್ಷೆ ಮಾಡೋಕೆ ಬೇಕಂತಲೇ ತಪ್ಪು ಬರೆದೆ!" ಎಂದು ಗುಡುಗಿದರು.

ಫಕೀರವ್ವನವರ ಸಿಟ್ಟು ಇನ್ನೂ ಇಳಿದಿರಲಿಲ್ಲ. "ನಾನೂ ದಿನಾ ಅದನ್ನ ಮಾಡೋದ್ರಿ. ಈಗ ಇಬ್ಬರನ್ನೂ ವರ್ಗ ಮಾಡಸ್ತೀರೇನು?"