ದಾಸವಾಳ ಬಳಗದ ಬಾಗಿಲು ಕಾದ ಕರಿಬಸಪ್ಪ

ಎಲ್ಲರೂ ಫೋನು ಮಗುಚಿಟ್ಟು ಕೂತಿದ್ದೀರಾ? ಹಾಗಾದರೆ ಕೇಳಿ.

ಹರಿಹರದಲ್ಲಿ ಹಾಲಮ್ಮ ಅಂತ ಒಬ್ಬ ತಾಯಿ. ಅವಳಿಗೆ ಕರಿಬಸಪ್ಪ ಅಂತ ಒಬ್ಬನೇ ಮಗ. ವಯಸ್ಸು ಇಪ್ಪತ್ತೊಂಬತ್ತು, ಎತ್ತರ ಆರಡಿ, ಬುದ್ಧಿ ಎಷ್ಟು ಅಂತ ಯಾರೂ ಅಳೆಯುವ ಧೈರ್ಯ ಮಾಡಿರಲಿಲ್ಲ. ಹಾಲು ಉಕ್ಕಿದರೆ ಕರಿ ಅಂತ ಹೇಳಿ ಹೋದರೆ, ಪೂರ್ತಿ ಉಕ್ಕಿ, ಕಟ್ಟೆಯೆಲ್ಲ ಹರಿದು, ಒಲೆ ಆರಿದ ಮೇಲೆ "ಅವ್ವಾ, ಉಕ್ಕಿತು" ಅಂತ ಕರೆಯುವವನು. ಬೈದರೆ ಅವನಿಗೇ ಸಿಟ್ಟು.

"ಉಕ್ಕಿದರೆ ಕರಿ ಅಂದೆ, ಕರೆದೆ. ಉಕ್ಕೋಕೆ ಮುಂಚೆ ಕರಿ ಅಂದಿದ್ಯಾ?"

ಹಾಲಮ್ಮ ಹಣೆ ಹಣೆ ಚಚ್ಚಿಕೊಳ್ಳುವಳು.

ಬೀದಿಯಲ್ಲಿ ಅವನನ್ನು ಮಾತಾಡಿಸುವವರಿರಲಿಲ್ಲ. ಆದರೆ ಹಿತ್ತಿಲಿನಲ್ಲಿ ಹನ್ನೊಂದು ಬಣ್ಣದ ದಾಸವಾಳ ಬೆಳೆಸಿದ್ದ, ಕೈಯಲ್ಲಿ ಒಂದು ಫೋನಿತ್ತು, ಫೋನಿನಲ್ಲಿ ದಾಸವಾಳ ಬಳಗ ಅಂತ ಒಂದು ಗುಂಪಿತ್ತು. ಅಲ್ಲಿ ಇನ್ನೂರ ಹನ್ನೆರಡು ಮಂದಿ. ಅವನು ಪೆದ್ದ ಅಂತ ಅಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಅಲ್ಲಿ ಬೆಳಿಗ್ಗೆ ಎದ್ದು ಶುಭೋದಯ ಅನ್ನಬೇಕು, ಯಾರು ಏನು ಹಾಕಿದರೂ ಹೆಬ್ಬೆರಳು ಎತ್ತಬೇಕು, ಮಲಗುವಾಗ ಶುಭರಾತ್ರಿ ಅನ್ನಬೇಕು. ಇನ್ನೂರ ಹನ್ನೆರಡು ಮಂದಿಯೂ ಅದನ್ನೇ ಮಾಡುತ್ತಿದ್ದರು. ಕರಿಬಸಪ್ಪ ಎಲ್ಲರಿಗಿಂತ ಮುಂಚೆ ಮಾಡುತ್ತಿದ್ದ. ಅದಕ್ಕೇ ಅವನನ್ನು "ಕರಿಬಸಪ್ಪ ಸರ್" ಅನ್ನುತ್ತಿದ್ದರು.

ಹೀಗಿರುವಾಗ ಬಳಗದ ಅಡ್ಮಿನ್ನು, ದಾವಣಗೆರೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ತಿಪ್ಪೇರುದ್ರಯ್ಯ, ಒಂದು ದಿನ ಅಪ್ಪಣೆ ಹೊರಡಿಸಿದರು. ಇನ್ನು ಮೇಲೆ ತಿಂಗಳಿಗೊಂದು ಸಲ ಎಲ್ಲರೂ ಎದುರುಬದುರು ಸೇರಬೇಕು.

ಹಾಲಮ್ಮ ಮಗನನ್ನು ಎದುರಿಗೆ ಕೂರಿಸಿಕೊಂಡಳು. "ನೋಡಪ್ಪಾ, ಹೊಸದಾಗಿ ಏನೂ ಮಾಡೋಕೆ ಹೋಗಬೇಡ. ಫೋನಿನಾಗೆ ಹೆಂಗಿರ್ತೀಯೋ ಅಲ್ಲೂ ಹಂಗೇ ಇರು. ತಿಳೀತಾ?"

"ತಿಳೀತವ್ವಾ. ಫೋನಿನಾಗೆ ಇದ್ದಂಗೇ ಇರ್ತೀನಿ."

ಹೋದ. ದಾವಣಗೆರೆಯ ಒಂದು ಪಾರ್ಕಿನಲ್ಲಿ ನಲವತ್ತು ಜನ ಸೇರಿದ್ದರು. ನಡುವೆ ನಾಗವೇಣಕ್ಕ ಕಣ್ಣೊರೆಸಿಕೊಳ್ಳುತ್ತ ಕೂತಿದ್ದಳು. ಆರು ವರ್ಷ ಸಾಕಿದ ಅರಿಶಿನ ಬಣ್ಣದ ದಾಸವಾಳ. ಒಂದು ವಾರ ತಂಗಿಯ ಮನೆಗೆ ಹೋಗಿ ಬರುವಷ್ಟರಲ್ಲಿ ನೀರಿಲ್ಲದೆ ಒಣಗಿ ಕಡ್ಡಿಯಾಗಿತ್ತು. "ನೀರು ಹಾಕ್ತೀನಿ ಅಂದಿದ್ದರು ಮೇಲಿನ ಮನೆಯವರು. ಒಂದು ಚೊಂಬು ಹಾಕಲಿಲ್ಲ ಕಣ್ರೀ!"

ಕರಿಬಸಪ್ಪ ಅವಳ ಮುಖದ ಮುಂದೆ ಹೆಬ್ಬೆರಳು ಎತ್ತಿದ. ನಾಗವೇಣಕ್ಕನ ಅಳು ಜೋರಾಯಿತು. ಅವನು ಎರಡೂ ಹೆಬ್ಬೆರಳು ಎತ್ತಿದ.

"ಏನ್ರೀ ಇದು ಅನ್ಯಾಯ! ಅಳೋರ ಮುಂದೆ ಹೆಬ್ಬೆಟ್ಟು ತೋರಿಸ್ತೀರಲ್ರೀ, ನಿಮಗೆ ಮನಸ್ಸು ಅನ್ನೋದು ಐತೋ ಇಲ್ಲೋ?" ಎಂದು ಎಲ್ಲರೂ ಮೇಲೆ ಬಿದ್ದರು.

"ನಿನ್ನೆ ಅಕ್ಕ ಇದನ್ನೇ ಬಳಗದಾಗೆ ಹಾಕಿದಾಗ ನೀವು ಮೂವತ್ತೆಂಟು ಜನ ಎತ್ತಿದ್ರಿ" ಎಂದ ಕರಿಬಸಪ್ಪ. "ನಾನು ಮೊದಲನೆಯವನು."

ಒಬ್ಬಿಬ್ಬರು ಫೋನು ತೆಗೆದು ನೋಡಿಕೊಂಡರು. ಆಮೇಲೆ ತಿಪ್ಪೇರುದ್ರಯ್ಯನವರು, "ಅದು ಬೇರೆ, ಇದು ಬೇರೆ!" ಎಂದು ಗುಡುಗಿದರು. ಏನು ಬೇರೆ ಅಂತ ಮಾತ್ರ ಹೇಳಲಿಲ್ಲ.

ಮನೆಗೆ ಬಂದು ಕರಿಬಸಪ್ಪ ಕಾಲು ಅಪ್ಪಳಿಸಿದ. "ನೀನು ಹೇಳಿದ್ದನ್ನೇ ಮಾಡಿದೆ. ಬೈಸಿಕೊಂಡೆ."

"ಅಯ್ಯೋ ಮುಂಡೇದೇ! ಹತ್ತಿರ ಹೋಗಿ, ಕೈ ಹಿಡಕೊಂಡು, 'ಪಾಪ, ಹಿಂಗಾಗಬಾರದಿತ್ತು. ಹೋಗ್ಲಿ ಬಿಡಿ, ಇದು ಹೋದ್ರೆ ಇನ್ನೊಂದು ತಂದ್ಕೊಂಡ್ರಾಯ್ತು' ಅನ್ನಬೇಕಿತ್ತು!"

"ಹಂಗಾದ್ರೆ ಮುಂದಿನ ಸಲ ಅಂತೀನಿ."

ಮುಂದಿನ ತಿಂಗಳು ವೃಷಭೇಂದ್ರ ಅನ್ನುವವನ ಮನೆಯ ತಾರಸಿಯಲ್ಲಿ ಸೇರಿದರು. ವೃಷಭೇಂದ್ರನಿಗೆ ಮದುವೆಯಾಗಿ ಹನ್ನೆರಡು ದಿನ. ಕೆಂಪು ಸೀರೆಯ ಹೊಸ ಹೆಂಡತಿಯನ್ನು ಕರೆತಂದು, "ಇವಳು ನಮ್ಮ ಚಂದ್ರಕಲಾ" ಎಂದು ಹಲ್ಲು ಬಿಟ್ಟ.

ಕರಿಬಸಪ್ಪ ಹತ್ತಿರ ಹೋದ. ವೃಷಭೇಂದ್ರನ ಕೈ ಹಿಡಿದುಕೊಂಡ.

"ಪಾಪ, ಹಿಂಗಾಗಬಾರದಿತ್ತು!"

"ಏನು?"

"ಹೋಗ್ಲಿ ಬಿಡಿ. ಇದು ಹೋದ್ರೆ ಇನ್ನೊಂದು ತಂದ್ಕೊಂಡ್ರಾಯ್ತು."

ಚಂದ್ರಕಲಾ ಸೆರಗು ಬಿಗಿದಳು. "ಏನ್ರೀ, ಇದನ್ನ ಕೇಳಿಸೋಕೇನಾ ನನ್ನನ್ನ ತಾರಸಿಗೆ ಹತ್ತಿಸಿಕೊಂಡು ಬಂದಿದ್ದು?" ವೃಷಭೇಂದ್ರ ಕುಂಡ ಎತ್ತಿದ. ನಾಲ್ಕು ಜನ ಸೇರಿ ಇಳಿಸಿದರು. ವೃಷಭೇಂದ್ರನ ತಾಯಿ ಮಾತ್ರ ಮೆಟ್ಟಿಲ ಮೇಲೆ ನಿಂತು, "ಯಾರದಪ್ಪಾ ಆ ಹುಡುಗ, ಕಂಡದ್ದನ್ನ ಕಂಡಂಗೆ ಹೇಳ್ತಾನೆ" ಅಂದರಂತೆ.

ಮನೆಗೆ ಬಂದರೆ ಮತ್ತೆ ಅದೇ ರಂಪ. "ನೀನು ಹೇಳಿದ್ದನ್ನೇ ಮಾಡಿದೆ. ಕುಂಡದಾಗೆ ಹೊಡೆಸಿಕೊಳ್ತಿದ್ದೆ!"

"ಅಯ್ಯೋ ನನ್ನ ಕರ್ಮವೇ! ಹಂಗೆ ಹೊಸದಾಗಿ ಯಾರಾದರೂ ಎದುರಿಗೆ ಬಂದರೆ ಕೈ ಮುಗಿದು, 'ಎಷ್ಟು ಲಕ್ಷಣವಾಗಿದ್ದೀರಿ! ನೂರು ವರ್ಷ ಹಿಂಗೇ ಇರಿ' ಅನ್ನಬೇಕು ಕಣೋ!"

"ಹಂಗಾದ್ರೆ ಮುಂದಿನ ಸಲ ಅಂತೀನಿ."

ಮೂರನೆಯ ತಿಂಗಳು ಸೇರಿದ್ದು ತಿಪ್ಪೇರುದ್ರಯ್ಯನವರ ಮನೆಯಲ್ಲಿ. ಹಿಂದಿನ ದಿನ ದಾಸವಾಳದ ಗಿಡ ಸವರಲು ಹೋಗಿ ಅವರು ಕಣಜದ ಗೂಡಿಗೆ ಕತ್ತರಿ ಹಾಕಿದ್ದರು. ಹುಳುಗಳು ಕಚ್ಚಿ ಮುಖ ಊದಿ, ಒಂದು ಕಣ್ಣು ಮುಚ್ಚಿ, ಕೆಳತುಟಿ ಗಲ್ಲದ ತನಕ ಇಳಿದಿತ್ತು. ಬಂದವರೆಲ್ಲ ನೋಡಿಯೂ ನೋಡದ ಹಾಗೆ ಕೂತಿದ್ದರು. ಕರಿಬಸಪ್ಪ ಮಾತ್ರ ಹೊಸ ಮುಖ ಕಂಡವನ ಹಾಗೆ ನೇರ ಎದುರಿಗೆ ಹೋಗಿ ಕೈ ಮುಗಿದ.

"ಎಷ್ಟು ಲಕ್ಷಣವಾಗಿದ್ದೀರಿ ಸರ್! ನೂರು ವರ್ಷ ಹಿಂಗೇ ಇರಿ!"

ತಿಪ್ಪೇರುದ್ರಯ್ಯನವರು ಇದ್ದ ಅರ್ಧ ಬಾಯಲ್ಲೇ ಕೂಗಿದರು. "ಇನ್ನೊಂದು ಸಲ ಬಾಯಿ ತೆರೆದರೆ ನಿನ್ನನ್ನ ಬಳಗದಿಂದಲೇ ತೆಗೆದು ಹಾಕ್ತೀನಿ!"

ಈ ಸಲ ಮನೆಗೆ ಬಂದ ಕರಿಬಸಪ್ಪ ಕಾಲು ಅಪ್ಪಳಿಸಲಿಲ್ಲ. ಗೋಡೆಗೆ ಒರಗಿ ಕೂತ.

"ಅವ್ವಾ, ತೆಗೆದು ಹಾಕಿದರೆ ನನಗೆ ಬೆಳಿಗ್ಗೆ ಶುಭೋದಯ ಅನ್ನೋರು ಯಾರು?"

"ನಾನಿಲ್ವೇನೋ?"

"ನೀನು 'ಏಳೋ ಕತ್ತೆ' ಅಂತೀಯ."

ಹಾಲಮ್ಮ ಅವನ ಪಕ್ಕ ಬಂದು ಕೂತಳು. ಊರು ಕೈಬಿಟ್ಟಿದ್ದ ಮಗನನ್ನು ಆ ಬಳಗ ಹಿಡಿದುಕೊಂಡಿತ್ತು. ಅದೂ ಕೈಬಿಟ್ಟರೆ ಅವನು ಹನ್ನೊಂದು ಗಿಡಗಳ ಜೊತೆ ಮಾತಾಡಿಕೊಂಡಿರಬೇಕು. "ನೋಡು ಮಗನೇ, ಇನ್ನು ಬಾಯೇ ತೆರೀಬೇಡ. ಯಾರು ಏನು ಕೇಳಿದರೂ ತೆರೀಬೇಡ. ಬಾಯಿಗೆ ಬೀಗ!"

"ಬಾಯಿಗೆ ಬೀಗ" ಎಂದ ಕರಿಬಸಪ್ಪ.

ನಾಲ್ಕನೆಯ ತಿಂಗಳದ್ದು ದೊಡ್ಡ ಕೂಟ. ಕಡ್ಡಿ ಹಂಚಿಕೊಳ್ಳುವ ದಿನ. ದಾಸವಾಳ ಬೆಳೆಸುವವರು ಗೊಬ್ಬರವನ್ನಾದರೂ ಬಿಟ್ಟಾರು, ಕಡ್ಡಿಯನ್ನು ಬಿಡರು. ನೆಡಲು ಕೊಯ್ದ ಕಡ್ಡಿಗಳನ್ನು ಒದ್ದೆ ನ್ಯೂಸ್‌ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಹಳೇ ಚೀಲಗಳಲ್ಲಿ ತುಂಬಿ ಎಲ್ಲರೂ ನಾಗವೇಣಕ್ಕನ ಮನೆಯ ಗೇಟಿನ ಬಳಿ ನೆರಳಿಗೆ ಗುಡ್ಡೆ ಹಾಕಿದರು. "ಕರಿಬಸಪ್ಪ ನೋಡ್ಕೊಳ್ಳಲಿ" ಎಂದು ಹೇಳಿ ಊಟಕ್ಕೆ ಒಳಗೆ ಹೋದರು.

ಕಸದ ಗಾಡಿ ಬಂತು. ಗಾಡಿಯವನು ಮರ್ಯಾದಸ್ಥ. ಗುಡ್ಡೆ ನೋಡಿ, "ಸಾರ್, ಇದು ಕಸಾನಾ?" ಎಂದ.

ಕರಿಬಸಪ್ಪ ಬಾಯಿ ತೆರೆಯಲಿಲ್ಲ.

"ತಗೊಂಡು ಹೋಗ್ಲಾ ಸಾರ್?"

ಕರಿಬಸಪ್ಪ ತುಟಿ ಬಿಗಿ ಹಿಡಿದ.

"ಬೇಡ ಅಂದ್ರೆ ಬಾಯಿ ಬಿಟ್ಟು ಹೇಳಿ ಸಾರ್, ಆಮೇಲೆ ನನ್ನ ಬೈಬೇಡಿ."

ಕರಿಬಸಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಗಾಡಿಯವನು ತುಂಬಲು ಶುರು ಮಾಡಿದ. ನೀರಿನ ಭಾರಕ್ಕೆ ಒಂದೆರಡು ಚೀಲ ಮೇಲೇಳಲಿಲ್ಲ. ಬಾಯಿ ತೆರೆಯಬೇಡ ಅಂದಿದ್ದಳು ಅವ್ವ, ಕೈ ಕಟ್ಟಿ ನಿಲ್ಲು ಅಂದಿರಲಿಲ್ಲ. ಕರಿಬಸಪ್ಪನೇ ಎತ್ತಿ ಕೊಟ್ಟ.

ಎಲೆ ಅಡಿಕೆ ಮೆಲ್ಲುತ್ತ ಹೊರಗೆ ಬಂದವರು ನೋಡುತ್ತಾರೆ, ನೆರಳಿದೆ, ಗುಡ್ಡೆ ಇಲ್ಲ. "ಎಲ್ಲೋ ಕಡ್ಡಿ?" ಮಾತಿಲ್ಲ. "ಯಾರೋ ತಗೊಂಡು ಹೋದೋರು?" ಮಾತಿಲ್ಲ. ಎದುರು ಮನೆಯಾಕೆ ಹೇಳಿದ ಮೇಲೆ ಗೊತ್ತಾಯಿತು. ಅವತ್ತು ಆ ಬೀದಿಯಲ್ಲಿ ಎದ್ದ ಆಕ್ರೋಶ ಅಷ್ಟಿಷ್ಟಲ್ಲ. ಅತ್ತೆಗೆ ಹುಷಾರಿಲ್ಲದಾಗಲೂ ಅಷ್ಟು ದೂರ ಓಡದವರು ಕಸದ ಗಾಡಿಯ ಹಿಂದೆ ಎರಡು ಕ್ರಾಸ್ ಓಡಿದರು. ಸಿಗಲಿಲ್ಲ.

ಮರುದಿನವೇ ಹಾಲಮ್ಮ ಬಸ್ಸು ಹತ್ತಿ ದಾವಣಗೆರೆಗೆ ಬಂದು ತಿಪ್ಪೇರುದ್ರಯ್ಯನವರ ಜಗಲಿಯಲ್ಲಿ ಕೂತಳು. "ಮೇಷ್ಟ್ರೇ, ತೆಗೀಬೇಡಿ. ನನ್ನ ಮಗ ಬುದ್ಧಿ ಇಲ್ಲದೋನು, ಆದರೆ ಹೇಳಿದ್ದು ಮೀರೋನಲ್ಲ. ನಿಮ್ಮ ಇನ್ನೂರ ಹನ್ನೊಂದು ಜನರಾಗೆ ಹಂಗೆ ಎಷ್ಟು ಜನ ಅದಾರೆ ಹೇಳಿ ನೋಡೋಣ!"

ತಿಪ್ಪೇರುದ್ರಯ್ಯನವರು ಬೆರಳು ಮಡಚಿ ಎಣಿಸಲು ಹೋಗಿ ಕೈ ಇಳಿಸಿದರು. "ಇದು ಕೊನೇ ಅವಕಾಶ" ಎಂದರು. ಬರುವ ಭಾನುವಾರ ವಾರ್ಷಿಕ ಕೂಟ, ಬಾಡಿಗೆ ಸಭಾಂಗಣದಲ್ಲಿ. ಎಲ್ಲರಿಗೂ ವೇದಿಕೆ ಬೇಕಿತ್ತು, ಬಾಗಿಲು ಯಾರಿಗೂ ಬೇಕಿರಲಿಲ್ಲ. ಬಾಗಿಲಲ್ಲಿ ನಿಲ್ಲಲು ಬುದ್ಧಿ ಏನು ಬೇಕು ಅಂತ ಅದನ್ನು ಕರಿಬಸಪ್ಪನಿಗೆ ಒಪ್ಪಿಸಿದರು. ಅವನೊಬ್ಬನನ್ನೇ ಕರೆಸಿ, ಬೆರಳೆತ್ತಿ, ಬಿಡಿಸಿ ಬಿಡಿಸಿ ಹೇಳಿದರು.

"ಮೊನ್ನೆ ಗಾಡಿಯವನನ್ನ ಬಿಟ್ಟ ಹಾಗೆ ಕಂಡೋರನ್ನೆಲ್ಲ ಬಿಡಬೇಡ. ಫೋನ್ ತೆಗಿ. ಬಳಗದಲ್ಲಿ ಒಬ್ಬೊಬ್ಬರ ಹೆಸರಿನ ಪಕ್ಕ ಒಂದೊಂದು ಫೋಟೋ ಐತೆ. ಹೆಸರು ಕೇಳು, ಫೋಟೋ ನೋಡು. ಹೊಂದಿದರೆ ಒಳಗೆ ಬಿಡು. ಹೊಂದದಿದ್ದರೆ ಯಾರೇ ಆಗಿರಲಿ, ಎಷ್ಟೇ ಬೈಯಲಿ, ಬಿಡಬಾರದು!"

"ಯಾರೇ ಆಗಿರಲಿ, ಎಷ್ಟೇ ಬೈಯಲಿ, ಬಿಡಬಾರದು" ಎಂದ ಕರಿಬಸಪ್ಪ.

ಭಾನುವಾರ ಬಂತು. ಅಡುಗೆಯವರು ಹೋಳಿಗೆ, ಕೋಸಂಬರಿ, ಪುಳಿಯೋಗರೆ ಒಳಗಿಳಿಸಿ ಹೋದರು. ಕರಿಬಸಪ್ಪ ಹಿಂಬಾಗಿಲಿಗೆ ಬೀಗ ಜಡಿದು ಮುಂಬಾಗಿಲಲ್ಲಿ ನಿಂತ.

ಮೊದಲು ನಾಗವೇಣಕ್ಕ ಬಂದಳು. ಕರಿಬಸಪ್ಪ ಫೋನು ನೋಡಿದ, ಅವಳನ್ನು ನೋಡಿದ.

"ನಾಗವೇಣಕ್ಕ ಅಂದರೆ ದಾಸವಾಳ. ನೀವು ದಾಸವಾಳ ಅಲ್ಲ. ಪಕ್ಕಕ್ಕೆ ನಿಲ್ಲಿ."

ವೃಷಭೇಂದ್ರ ಹೆಂಡತಿಯೊಡನೆ ಬಂದ. ಅವನ ಫೋಟೋದಲ್ಲಿ ಹುಲಿ ಇತ್ತು. "ಹುಲಿ ಬಂದರೆ ಬಿಡ್ತೀನಿ."

ಒಬ್ಬರದು ಸೂರ್ಯೋದಯ. ಒಬ್ಬರದು ಊರಲ್ಲಿರುವ ಮೊಮ್ಮಗಳು. ಒಬ್ಬರದು ಬರೀ ಕಾರು. ಐವತ್ತು ದಾಟಿದ ಒಬ್ಬಾಕೆಯದು ಪಿಯುಸಿ ಹಾಲ್ ಟಿಕೆಟ್ಟಿಗೆ ತೆಗೆಸಿದ್ದು. "ಈ ಹುಡುಗಿ ಎಲ್ಲಿ? ನೀವು ಅವರ ಅಮ್ಮನಾ?" ಎಂದು ಕೇಳಿ ಅವಳಿಂದ ಶಾಪ ಹಾಕಿಸಿಕೊಂಡ. ಹನ್ನೊಂದು ಗಂಟೆಗೆ ಬಾಗಿಲ ಮುಂದೆ ನೂರೈವತ್ತು ಜನ, ಒಳಗೆ ಸೊನ್ನೆ. ಬಿಸಿಲು ನೆತ್ತಿಗೇರಿತು, ಸಿಟ್ಟು ಅದಕ್ಕಿಂತ ಮೇಲೇರಿತು. ಎಲ್ಲರೂ ಬೈದರು. ಎಷ್ಟು ಬೈದರೆ ಅಷ್ಟು ಕರಿಬಸಪ್ಪನಿಗೆ ಧೈರ್ಯ ಬಂತು. ಬೈಯುತ್ತಾರೆ ಅಂತ ಸರ್ ಮೊದಲೇ ಹೇಳಿದ್ದರಲ್ಲ!

ಕೊನೆಗೆ ಶಾಲು ಹೊದ್ದು ತಿಪ್ಪೇರುದ್ರಯ್ಯನವರೇ ಬಂದರು. ಫೋಟೋದಲ್ಲಿ ಕಪ್ಪು ಕನ್ನಡಕ, ಹಣೆಗಿಳಿದ ಗುಂಗುರು ಕೂದಲು. ಎದುರಿಗೆ ಬೋಳು ತಲೆ.

"ನೀವು ಯಾರು?"

"ನಾನು ಕಣೋ! ಅಡ್ಮಿನ್ನು!"

"ಅಡ್ಮಿನ್ ಸರ್‌ಗೆ ತಲೆ ತುಂಬ ಕೂದಲೈತೆ."

"ಅದು ಮೂವತ್ತೈದು ವರ್ಷದ ಹಿಂದಿಂದೋ!"

"ಹಂಗಾದ್ರೆ ಆಗಲೇ ಬರಬೇಕಿತ್ತು. ಯಾರೇ ಆಗಿರಲಿ, ಎಷ್ಟೇ ಬೈಯಲಿ, ಬಿಡಬಾರದು ಅಂತ ಸರ್ ಹೇಳಿದ್ದಾರೆ."

"ಹೇಳಿದ್ದು ನಾನೇ!"

"ಸರ್ ನನ್ನೊಬ್ಬನಿಗೇ ಹೇಳಿದ್ದು. ನಿಮಗೆ ಹೆಂಗೆ ಗೊತ್ತಾಯ್ತು? ಕದ್ದು ಕೇಳಿಸಿಕೊಂಡ್ರಾ?"

ತಿಪ್ಪೇರುದ್ರಯ್ಯನವರು ಗಂಟಲಿನಿಂದ ಏನೋ ಸದ್ದು ಹೊರಡಿಸಿದರು. ಆಗ ಚಂದ್ರಕಲಾ ಮುಂದೆ ಬಂದಳು. "ಎಲ್ಲರದೂ ನೋಡಿದ್ರಲ್ಲ, ನಿಮ್ಮದು ತೋರಿಸಿ ನೋಡೋಣ."

ಕರಿಬಸಪ್ಪ ತನ್ನ ಹೆಸರು ಒತ್ತಿದ. ಫೋನು ಕೊಂಡ ದಿನ ಅವನ ಪಟ ತೆಗೆದಷ್ಟು ಸಲವೂ ಕಣ್ಣು ಮುಚ್ಚಿ ಬಂದಿತ್ತು. ಬೇಸತ್ತು ಹಾಲಮ್ಮನದನ್ನೇ ಹಾಕಿಕೊಂಡಿದ್ದ. ಈಗ ಅದನ್ನೇ ದಿಟ್ಟಿಸಿದ. ಹಣೆ ಮುಟ್ಟಿ ನೋಡಿಕೊಂಡ, ಕುಂಕುಮವಿಲ್ಲ. ಮೂಗು ಮುಟ್ಟಿ ನೋಡಿಕೊಂಡ, ಮೂಗುತಿಯಿಲ್ಲ. ಮುಖ ಸಣ್ಣಗಾಯಿತು. ಹೊರಗೆ ಕಾಲಿಟ್ಟು, ತನ್ನ ಹಿಂದೆ ಬಾಗಿಲೆಳೆದು, ಬೀಗ ಹಾಕಿ, ಕೀಲಿ ಜೇಬಿಗಿಳಿಸಿ, ನೂರೈವತ್ತು ಜನರ ಕೊನೆಗೆ ಹೋಗಿ ನಿಂತ.

ಅದೇ ಹೊತ್ತಿಗೆ ಒಂದು ಆಟೋ ಬಂತು. ಮಗ ಬಳಗದಲ್ಲಿ ಉಳಿದನೋ ಇಲ್ಲವೋ ಅಂತ ತಡೆಯಲಾರದೆ ಹಾಲಮ್ಮ ಬಂದಿದ್ದಳು. ಕರಿಬಸಪ್ಪ ಫೋನು ನೋಡಿದ, ಅವಳನ್ನು ನೋಡಿದ. ಕುಂಕುಮ ಸರಿ, ಮೂಗುತಿ ಸರಿ. ಅವನ ಮುಖ ಅರಳಿತು.

"ಕರಿಬಸಪ್ಪ ಸರ್! ಬನ್ನಿ ಬನ್ನಿ! ಇಷ್ಟು ಜನರಾಗೆ ಸರಿಯಾದೋರು ನೀವೊಬ್ಬರೇ!"

"ಯಾರೋ ಸರ್ರು? ಬಿಡೋ, ಕೈ ಬಿಡೋ!"

ಬಿಡಲಿಲ್ಲ. ಆದರದಿಂದ ಎತ್ತಿ ಒಳಗಿಟ್ಟು ಮತ್ತೆ ಬೀಗ ಹಾಕಿದ. ಒಳಗಿನಿಂದ ಹಾಲಮ್ಮ ಬಾಗಿಲು ಗುದ್ದತೊಡಗಿದಳು. ಹೊರಗೆ ತಿಪ್ಪೇರುದ್ರಯ್ಯನವರು ಶಾಲು ಕಿತ್ತೆಸೆದರು. "ಮುಗೀತು! ಈ ಕ್ಷಣವೇ ನಿನ್ನನ್ನ ಬಳಗದಿಂದ ತೆಗೆದು ಹಾಕ್ತೀನಿ!"

"ನನ್ನನ್ನ ಹೆಂಗೆ ತೆಗೀತೀರಿ?" ಎಂದ ಅವನು. "ನಾನು ಬಳಗದೋನೇ ಅಲ್ಲವಲ್ಲ. ಕರಿಬಸಪ್ಪ ಒಳಗೆ ಅದಾರೆ. ಅವರನ್ನ ಮಾತ್ರ ತೆಗೀಬೇಡಿ, ಕೈ ಮುಗೀತೀನಿ. ಪಾಪ, ಅವರನ್ನ ಮಾತಾಡಿಸೋರು ಬೇರೆ ಯಾರೂ ಇಲ್ಲ."