ಜೇನುಬಂಡೆಯ ಹಗ್ಗ

"ಗುರುಗಳೇ, ನಿಮ್ಮ ಹತ್ತಿರ ನನ್ನ ಮೇಲೆ ಚಾಡಿ ಹೇಳಿದವನು ನನ್ನ ಜೊತೆಯವನೇ ಎಂಬ ಅನುಮಾನ ನನಗೆ. ಧ್ಯಾನಕ್ಕೆ ಕುಳಿತರೆ ಅವನ ಮುಖವೇ ಎದುರಿಗೆ ಬರುತ್ತದೆ. ಹೇಳಿದವನು ಅವನೇ ಹೌದೋ ಅಲ್ಲವೋ ತಿಳಿಸಿಬಿಡಿ, ಸಿಟ್ಟು ಬಿಡುತ್ತೇನೆ. ಅದು ತಿಳಿಯುವ ತನಕ ಹೇಗೆ ಬಿಡಲಿ?" ಎಂದು ಶಿಷ್ಯ ಮುರುಗಯ್ಯ ಕೇಳಿದ.

"ಸಿಟ್ಟಾಗುವಾಗ ಸಾಕ್ಷಿ ಬೇಕಾಗಲಿಲ್ಲ, ಬಿಡುವಾಗ ಬೇಕಾಯಿತೇ?" ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಕಾಡಿನಲ್ಲಿ ಒಬ್ಬ ಜೇನು ಕೀಳುವವನಿದ್ದ. ಕಡಿದಾದ ಬಂಡೆಯ ತುದಿಯಿಂದ ಹಗ್ಗ ಕಟ್ಟಿಕೊಂಡು ಇಳಿದು ಹೆಜ್ಜೇನು ತೆಗೆಯುವುದು ಅವನ ಕಸುಬು. ಆ ಜನರಲ್ಲಿ ಒಂದು ಕಟ್ಟಳೆ ಇತ್ತು. ಮೇಲೆ ನಿಂತು ಹಗ್ಗ ಕಾಯುವವನು ಇಳಿದವನ ಹೆಂಡತಿಯ ಒಡಹುಟ್ಟಿದವನೇ ಆಗಬೇಕು. ಸ್ವಂತ ತಮ್ಮನಾದರೆ ಪಾಲಿಗೆ ಆಸೆಪಟ್ಟಾನು, ಹೆಂಡತಿಯ ತಮ್ಮ ಅಕ್ಕನನ್ನು ವಿಧವೆ ಮಾಡಲಾರ ಎಂಬ ಲೆಕ್ಕಾಚಾರ.

ಒಮ್ಮೆ ಬಂಡೆ ಇಳಿಯಬೇಕಿದ್ದ ಹಿಂದಿನ ದಿನ ಈತ ಹೆಂಡತಿಯ ಮೇಲೆ ಕೈ ಮಾಡಿದ್ದ. ಸುದ್ದಿ ಅವಳ ತಮ್ಮನಿಗೆ ಮುಟ್ಟಿತ್ತು. ಆದರೂ ಅವನು ಬೆಳಿಗ್ಗೆ ಎಂದಿನಂತೆ ಬಂದು, ಒಂದು ಮಾತೂ ಆಡದೆ ಹಗ್ಗ ಬಿಗಿದ. ಎರಡು ಮಾತು ಬೈದಿದ್ದರೆ ಜೇನಿನವನಿಗೆ ಸಮಾಧಾನವಾಗುತ್ತಿತ್ತು. ಆ ಮೌನ ಅವನಿಗೆ ಸರಿಕಾಣಲಿಲ್ಲ. ಆದರೂ ಇಳಿದ.

ಜೇನು ಕಿತ್ತಾದ ಮೇಲೆ ಹಗ್ಗ ಜಗ್ಗಿದ. ಜಗ್ಗಿದರೆ ಮೇಲಿನವನು ಎಳೆದುಕೊಳ್ಳಬೇಕು. ಹಗ್ಗ ಮೇಲೇಳಲಿಲ್ಲ. ಕೂಗಿ ಕೇಳುವಂತಿಲ್ಲ, ಸದ್ದಾದರೆ ಹೊಗೆಗೆ ಮಂಕಾಗಿದ್ದ ಹುಳುಗಳು ಮುತ್ತಿಕೊಳ್ಳುತ್ತವೆ. ಮತ್ತೆ ಜಗ್ಗಿದ. ನಾರಿನ ಚೂರುಗಳು ಮುಖದ ಮೇಲೆ ಉದುರಿದವು. ಹಾಳಾದವನು ಹಗ್ಗ ಕೊಯ್ಯುತ್ತಿದ್ದಾನೆ ಅಂದುಕೊಂಡ. ಮೈಯೆಲ್ಲ ಉರಿಯಿತು. ಮೇಲೆ ಹೋದ ಮೇಲೆ ಅವನಿಗೆ ಏನು ಮಾಡಬೇಕೆಂದು ಯೋಚಿಸುತ್ತಾ, ಹಲ್ಲು ಕಚ್ಚಿಕೊಂಡು ಜಗ್ಗಿದ. ಜಗ್ಗಿದಷ್ಟೂ ನಾರು ಉದುರಿತು. ಹಗ್ಗದ ಒಂದು ಎಳೆ ಪಟ್ಟೆಂದು ಹರಿದು, ಮೊಳದಷ್ಟು ಕೆಳಗೆ ಜಾರಿದ.

ಆಗ ಭಯವಾಯಿತು. ಕೊಯ್ಯುತ್ತಿರುವವನಿಗೆ ಏನು ಮಾಡಲಿ ಎಂದು ಇನ್ನೂ ಯೋಚಿಸುತ್ತಿದ್ದರೆ ಸಾಯುತ್ತೇನೆ ಎಂದು ಹೊಳೆಯಿತು. ಮೇಲೆ ನೋಡುವುದನ್ನು ಬಿಟ್ಟ. ಜಗ್ಗುವುದನ್ನೂ ಬಿಟ್ಟ. ಎದುರಿಗಿದ್ದ ಕಲ್ಲನ್ನು ನೋಡಿದ. ಅಷ್ಟು ಹೊತ್ತೂ ಅವನ ಮೂಗಿನ ಮುಂದೆಯೇ ಒಂದು ಬಿರುಕು ಇತ್ತು. ಅದರೊಳಗೆ ಬೆರಳು ತೂರಿಸಿದ. ಕಾಲಿಗೆ ಮೆಟ್ಟಲು ಒಂದು ಉಬ್ಬು ಸಿಕ್ಕಿತು. ಆಮೇಲೆ ಕೈ ಇಡುವ ಜಾಗ, ಕಾಲಿಡುವ ಜಾಗ, ಇಷ್ಟೇ ಅವನ ತಲೆಯಲ್ಲಿ ಇದ್ದದ್ದು. ಹಗ್ಗಕ್ಕೆ ಭಾರ ಬಿಡದೆ ಹತ್ತಿ ಬಂದ.

ಮೇಲೆ ಭಾವಮೈದುನ ಬೆವೆತು ನಿಂತಿದ್ದ. ಅವನ ಕೈಯಲ್ಲಿ ಕತ್ತಿ ಇತ್ತು.

"ಹಗ್ಗ ಕಲ್ಲಿನ ಸಂದೀಲಿ ಸಿಕ್ಕಂಡಿತ್ತು ಭಾವ. ಕತ್ತಿ ಹಾಕಿ ಬಿಡಿಸ್ತಾ ಇದ್ದೆ. ನೀನು ಹಂಗೆ ಜಗ್ಗಿದ್ರೆ ನಾನೇನ್ ಮಾಡ್ಲಿ?"

ಜೇನಿನವನು ಕತ್ತಿಯನ್ನು ನೋಡಿದ. ಕಲ್ಲಿನ ಹರಿತವಾದ ಅಂಚನ್ನೂ ನೋಡಿದ. "ಕುಡಿಯೋಕೆ ನೀರು ಕೊಡು" ಅಂದ. ಕುಡಿದು ಮನೆಗೆ ಹೋಗಿ ಹೆಂಡತಿಯ ಮುಂದೆ ಕುಳಿತು, ನಿನ್ನೆ ಹೊಡೆದದ್ದು ತಪ್ಪಾಯಿತು ಎಂದು ಹೇಳಿದ.

ಗುರುಗಳು ಕತೆ ನಿಲ್ಲಿಸಿದರು. ಮುರುಗಯ್ಯನಿಗೆ ತಡೆಯಲಾಗಲಿಲ್ಲ.

"ಹಾಗಾದರೆ ಗುರುಗಳೇ, ಹಗ್ಗ ಕೊಯ್ದದ್ದು ಕಲ್ಲೋ, ಕತ್ತಿಯೋ?"

"ಜೇನಿನವನು ಹತ್ತಿ ಬಂದನಪ್ಪ, ನೀನಿನ್ನೂ ಅಲ್ಲೇ ನೇತಾಡುತ್ತಿದ್ದೀಯೆ."