ಮುರಿಗೆಪ್ಪ ಲಿಸ್ಬನ್ನಿನಾಗ ಹುಷಾರಾಗಿದ್ದದ್ದು

ಗುಳೇದಗುಡ್ಡದಾಗ ಗುರುಬಸವ್ವ ಅಂತ ಒಬ್ಬಾಕಿ ಇದ್ಲು. ಕುಬಸದ ಖಣ ನೇಯಿಸಾಕಿ. ಹದಿನಾಕು ಮಗ್ಗ ಆಕಿ ಮಾತಿನ ಮ್ಯಾಲೆ ನಡೀತಿದ್ವು. ಆಕೀಗೆ ಒಬ್ಬನೇ ಮಗ, ಮುರಿಗೆಪ್ಪ. ಮೂವತ್ತು ವರ್ಷದ ಗಂಡಸು, ತುಂಬ ಮೀಸಿ, ಬಿ.ಎ. ಪಾಸಾಗಿದ್ದ, ಇಂಗ್ಲೀಷು ಪಟಪಟ ಮಾತಾಡ್ತಿದ್ದ. ಆದ್ರ ಹೇಳಿದ್ದನ್ನ ಹೇಳಿದಂಗ ಮಾಡ್ತಿದ್ದ, ಅದಕ್ಕ ಹೆಚ್ಚಿಲ್ಲ, ಕಡಿಮಿ ಇಲ್ಲ. "ಹಾಲು ನೋಡ್ಕೋಪಾ" ಅಂದ್ರ, ಹಾಲು ಉಕ್ಕಿ ಒಲಿ ಆರೋತನಕ ನೋಡ್ಕೋಂತ ನಿಂದರ್ತಿದ್ದ!

ಒಂದು ದಿನ ಲಿಸ್ಬನ್ನಿನಿಂದ ಕಾಗದ ಬಂತು. ಪೋರ್ಚುಗಲ್ಲಿನ ರಾಜಧಾನಿ. ಅಲ್ಲಿ ದೊಡ್ಡ ಬಟ್ಟಿ ಮೇಳ ಐತಿ, ಗ್ರಾಸಾ ಅನ್ನೋ ವ್ಯಾಪಾರದಾಕಿ ನಿಮ್ಮ ಖಣ ನೋಡ್ತಾಳಂತ, ಬರ್ರಿ ಅಂತ. ಊರಾಗ ಖಣ ತಗೊಳ್ಳೋರು ಕಡಿಮಿ ಆಗಿದ್ರು. ಈ ಆರ್ಡರ್ ತಪ್ಪಿದ್ರ ಮಗ್ಗ ನಿಲ್ಲೋದೇ ಸೈ. ಗುರುಬಸವ್ವಗ ಬುದ್ಧಿ ಇತ್ತು, ಇಂಗ್ಲೀಷು ಇರಲಿಲ್ಲ. ಮುರಿಗೆಪ್ಪಗ ಇಂಗ್ಲೀಷು ಇತ್ತು. ಹಿಂಗಾಗಿ ಇಬ್ಬರೂ ಕೂಡೇ ಹೊಂಟ್ರು.

ವಿಮಾನದಾಗ ಗುರುಬಸವ್ವಗ ಕುಂತಲ್ಲಿ ಕೂಡಾಕ ಆಗಲಿಲ್ಲ. ಚೀಲ ಮುಟ್ಟಿ ನೋಡಾಕಿ, ಕೊರಳ ಸರ ಮುಟ್ಟಿ ನೋಡಾಕಿ, ಮಗನ್ನ ಮುಟ್ಟಿ ನೋಡಾಕಿ.

"ತಮ್ಮಾ, ಪಾಸ್‌ಪೋರ್ಟ್ ಅಂದ್ರ ಜೀವ. ಯಾರ ಕೈಯಾಗೂ ಕೊಡಬ್ಯಾಡ ಮತ್ತ!"

"ಹೂಂ ಯವ್ವಾ, ಕೊಡಂಗಿಲ್ಲ."

ವಿಮಾನ ಇಳೀತು. ಗಾಜಿನ ಗೂಡಿನಾಗ ಕುಂತ ಸಾಹೇಬ ಕೈ ಚಾಚಿದ. "ಪಾಸ್‌ಪೋರ್ಟ್."

"ಕೊಡಂಗಿಲ್ಲ!" ಅಂದ ಮುರಿಗೆಪ್ಪ.

"ಯಾಕ?"

"ಅದು ನನ್ನ ಜೀವ!"

ಸಾಹೇಬ ಎದ್ದು ನಿಂತ. ಹಿಂದ ಸಾಲು ಬೆಳೀತು. ಇಬ್ಬರು ಪೊಲೀಸರು ಬಂದ್ರು. ಮುರಿಗೆಪ್ಪ ಪಾಸ್‌ಪೋರ್ಟ್ ಹಲ್ಲಾಗ ಕಚ್ಚಿ ಹಿಡಿದ. ಕಡೀಕ ಗುರುಬಸವ್ವನೇ ಅದನ್ನ ಹಲ್ಲಿನಿಂದ ಕಿತ್ತು, ಸೆರಗಿಲೆ ಒರಸಿ, ಸಾಹೇಬಗ ಕೊಟ್ಲು.

"ಅಯ್ಯ ನನ್ನ ಹಣೆಬರಾ! ಸರ್ಕಾರದೋರು ಬ್ಯಾರೆ, ಕಳ್ಳರು ಬ್ಯಾರೆ! ಡ್ರೆಸ್ ಹಾಕ್ಕೊಂಡು ನಿಂತೋರು ಕೈ ಚಾಚಿದ್ರ ಎಲ್ಲಾ ಕೊಟ್ಟುಬಿಡಬೇಕು!"

"ಹೂಂ ಯವ್ವಾ, ಕೊಟ್ಟುಬಿಡ್ತೀನಿ."

ಟ್ಯಾಕ್ಸಿ ಹೋಟೆಲಿಗೆ ಬಂತು. ಬಾಗಿಲಾಗ ಒಬ್ಬಂವ, ಕೆಂಪು ಕೋಟು, ಬಂಗಾರದ ಬಣ್ಣದ ಗುಂಡಿ. ಚೀಲ ಇಸ್ಕೊಳ್ಳಾಕ ನಕ್ಕೊಂತ ಕೈ ಚಾಚಿದ. ಮುರಿಗೆಪ್ಪ ಚೀಲ ಕೊಟ್ಟ. ಪಾಸ್‌ಪೋರ್ಟ್ ಕೊಟ್ಟ. ಗಡಿಯಾರ ಬಿಚ್ಚಿ ಕೊಟ್ಟ. ಬೆಲ್ಟು ಬಿಚ್ಚಿ ಕೊಟ್ಟ. ಬೂಟು ಕಳಚಿ ಕೊಟ್ಟ. ಆಮ್ಯಾಲೆ ಎರಡೂ ಕೈ ಮ್ಯಾಲೆತ್ತಿ, ಕಾಲು ಅಗಲಿಸಿ ನಿಂತ! ಬೆಲ್ಟಿಲ್ಲದ ಪ್ಯಾಂಟು ಸರ್ರಂತ ಕೆಳಗ.

"ಎತ್ಕೋ! ಮೊದಲು ಎತ್ಕೋ!" ಗುರುಬಸವ್ವ ಸೆರಗು ಅಡ್ಡ ಹಿಡಿದು ನಿಂತ್ಲು. "ಪೆದ್ದ! ಕಂಡಕಂಡೋರಿಗೆಲ್ಲಾ ಕೊಡ್ತಾರೇನು? ಇದು ಕಿಸೆಗಳ್ಳರ ಊರಂತ. ಗುರುತಿಲ್ಲದೋರು ಮೈಗೆ ಹತ್ತಿ ಬಂದ್ರ 'ಕಳ್ಳ, ಕಳ್ಳ' ಅಂತ ಊರು ಕೇಳುವಂಗ ಒದರು!"

"ಹೂಂ ಯವ್ವಾ, ಒದರ್ತೀನಿ."

ಮರುದಿನ ಮುಂಜಾನೆ ಮೇಳದ ಜಾಗ ನೋಡಿಕೊಂಡು ಬರಾಕ ಹೊಂಟ್ರು. ಏರು ಓಣಿ, ಕಲ್ಲು ಹಾಸಿದ ಹಾದಿ. ಗಾಳಿಗೆ ಮುರಿಗೆಪ್ಪನ ಮಫ್ಲರ್ ಜಾರಿ ಬಿತ್ತು. ಒಬ್ಬ ಮುದುಕ, ಕೋಲು ಹಿಡಿದಾಂವ, ಅದನ್ನ ಎತ್ಕೊಂಡು ಏದುಸಿರು ಬಿಡ್ಕೋಂತ ಬೆನ್ನು ಹತ್ತಿ ಬಂದ. ಮುರಿಗೆಪ್ಪನ ಹೆಗಲು ಮುಟ್ಟಿದ.

"ಕಳ್ಳ! ಕಳ್ಳ! ಕಳ್ಳ!"

ಕಿಟಕಿ ತೆರೆದ್ವು. ರೊಟ್ಟಿ ಅಂಗಡಿಯಾಂವ ಲಟ್ಟಣಿಗಿ ಹಿಡಿದು ಓಡಿ ಬಂದ. ಮುದುಕ ಪಾಪ, ಗಾಬರಿಯಾಗಿ ಕಲ್ಲಿನ ಮ್ಯಾಲೆ ಕುಂತುಬಿಟ್ಟ. ಗುರುಬಸವ್ವ ಓಡಿ ಹೋಗಿ ಆತನ ಕೈ ಹಿಡಿದ್ಲು, ನೀರು ಕುಡಿಸಿದ್ಲು, ಕನ್ನಡದಾಗೇ ಹತ್ತು ಸಲ ತಪ್ಪಾತು ಅಂದ್ಲು. ಮುದುಕಗ ಭಾಷಾ ತಿಳೀಲಿಲ್ಲ, ಆಕಿ ಕಣ್ಣಾಗಿನ ನೀರು ತಿಳೀತು. ಮಫ್ಲರ್ ಕೊಟ್ಟು, ನಕ್ಕು ಹೋದ.

"ದೇವರಂಥಾ ಮನಿಷಾನ್ನ ಕಳ್ಳ ಅಂದೆಲ್ಲೋ! ಮುಖ ನೋಡಬಾರದೇನು? ನಕ್ಕೊಂತ ಬಂದೋರಿಗೆ ನಾವೂ ನಗಬೇಕು, ಥ್ಯಾಂಕ್ಯೂ ಅನಬೇಕು, ಕೈಲಾದ ಸಹಾಯ ಮಾಡಬೇಕು!"

"ಹೂಂ ಯವ್ವಾ, ಮಾಡ್ತೀನಿ."

ವಾಪಸ್ ಬರಾಗ ಹಳದಿ ಟ್ರಾಮ್ ಹತ್ತಿದ್ರು. ಕಾಲಿಡಾಕ ಜಾಗ ಇರಲಿಲ್ಲ. ಗುರುಬಸವ್ವಗ ಮುಂದ ಸೀಟು ಸಿಕ್ತು, ಮುರಿಗೆಪ್ಪ ಹಿಂದ ನಿಂತ. ಒಬ್ಬ ಚೆಂದನ ಹುಡುಗ ನಕ್ಕೊಂತ ಬಂದು ಮಗ್ಗಲಾಗ ನಿಂತ. ಮುರಿಗೆಪ್ಪನೂ ನಕ್ಕ. ಹುಡುಗನ ಕೈ ಮುರಿಗೆಪ್ಪನ ಕಿಸೆಗೆ ಬಂತು. ಜಿಪ್ಪು ಬಿಗಿ ಇತ್ತು, ಬರವಲ್ದು.

"ತಡೀರಿ, ಅದು ಹಿಂಗ ಎಳೆದ್ರ ಬರ್ತೈತಿ," ಅಂದು ಮುರಿಗೆಪ್ಪ ತಾನೇ ತೆಗೆದುಕೊಟ್ಟ!

ಹುಡುಗ ಕಕ್ಕಾಬಿಕ್ಕಿ. ಫೋನು ತಗೊಂಡ.

"ಚಾರ್ಜರ್ ಈ ಕಿಸೆದಾಗ ಐತಿ," ಅಂದ ಮುರಿಗೆಪ್ಪ. "ಥ್ಯಾಂಕ್ಯೂ!"

ಹುಡುಗ ಮುಂದಿನ ಸ್ಟಾಪಿನಾಗ ಇಳಿದ. ಇಳಿದಮ್ಯಾಲೂ ಎರಡು ಸಲ ತಿರುಗಿ ನೋಡಿದ.

ಆವತ್ತು ಗುರುಬಸವ್ವ ಹೋಟೆಲ್ ಖೋಲಿಯಾಗ ಆ ಗ್ವಾಡಿಯಿಂದ ಈ ಗ್ವಾಡಿಗೆ, ಈ ಗ್ವಾಡಿಯಿಂದ ಆ ಗ್ವಾಡಿಗೆ ಅಡ್ಡಾಡಿದ್ಲು. ನಾಳೆ ಗ್ರಾಸಾನ ಭೇಟಿ. ಖಣದ ಮಾದರಿಗಂಟು ಮಂಚದ ಮ್ಯಾಲೆ ಇತ್ತು. ಫೋನು ಹೋದಂಗ ಅದೂ ಹೋದ್ರ?

"ತಮ್ಮಾ, ಕಿವಿಗೊಟ್ಟು ಕೇಳು. ನಾಳೆ ಗಂಟು ನಿನ್ನ ಜವಾಬ್ದಾರಿ. ಬೆಲೆಬಾಳೋದನ್ನ ಅಂಗಿ ಒಳಗ ಇಟ್ಕೋಬೇಕು. ಯಾರು ಏನು ಕೇಳಿದ್ರೂ ಬಾಯಿ ಬಿಡಬಾರದು. ಹೆಸರು ಹೇಳಬ್ಯಾಡ, ಊರು ಹೇಳಬ್ಯಾಡ. ತಿಳೀತಾ?"

"ಹೂಂ ಯವ್ವಾ, ತಿಳೀತು."

ಮುಂಜಾನೆ ಮುರಿಗೆಪ್ಪ ಸ್ನಾನ ಮುಗಿಸಿ ಬಂದ. ನಿನ್ನೆಗಿಂತ ಎರಡರಷ್ಟು ದಪ್ಪ ಆಗಿದ್ದ. ಥಂಡಿಗೆ ಸ್ವೆಟರ್ ಹಾಕ್ಯಾನ, ಒಂದಾದ್ರೂ ಶಾಣ್ಯಾತನ ಮಾಡಿದ ಅಂದುಕೊಂಡ್ಲು ತಾಯಿ.

ಮೇಳದಾಗ ಮೇಜಿನ ಆಚೆ ಕಡೆ ಗ್ರಾಸಾ ಕುಂತಿದ್ಲು. ನೆರೆತ ಕೂದಲು, ಕೊರಳಾಗ ಅಳತಿ ಟೇಪು.

"ನಿಮ್ಮ ಹೆಸರು?" ಅಂದ್ಲು.

"ಹೇಳಂಗಿಲ್ಲ."

"ಯಾವ ಊರಿನಿಂದ ಬಂದೀರಿ?"

"ಹೇಳಂಗಿಲ್ಲ."

"ಏನು ತಂದೀರಿ?"

ಮುರಿಗೆಪ್ಪ ಆಕಡೆ ಈಕಡೆ ನೋಡಿ, ದನಿ ಇಳಿಸಿ ಅಂದ: "ಅದನ್ನಂತೂ ಹೇಳಂಗೇ ಇಲ್ಲ!"

ಗ್ರಾಸಾ ಕನ್ನಡಕ ತೆಗೆದು ಮಡಚಿದ್ಲು. ಎದ್ಲು. ಗುರುಬಸವ್ವಗ ಇಂಗ್ಲೀಷು ತಿಳೀದಿದ್ರೂ ಕನ್ನಡಕ ಮಡಚಿದ್ದು ತಿಳೀತು. ಮಗನ ಕಡೆ ತಿರುಗಿದ್ಲು. "ಗಂಟು ಎಲ್ಲೋ? ತೆಗೀ!"

"ಒಳಗ ಐತಿ ಯವ್ವಾ. ಅಂಗಿ ಒಳಗ."

ಆಗ ನೋಡಿದ್ಲು, ಮಗನ ಕಾಲರಿನಿಂದ ಕೆಂಪು ಅಂಚು ಇಣುಕ್ತಿತ್ತು! ಹಿಡಿದು ಎಳೆದ್ಲು. ಕೆಂಪು ಖಣ ಬಂತು. ಬೆನ್ನಿಗೆ ಕೈ ಹಾಕಿದ್ಲು, ಹಸಿರು ಬಂತು. ತೋಳಿನಿಂದ ನೀಲಿ, ಹೊಟ್ಟಿಯಿಂದ ಅರಿಶಿಣದ ಬಣ್ಣದ್ದು. ಮುರಿಗೆಪ್ಪಗ ಕಚಗುಳಿ ಆಗಿ, "ಯವ್ವಾ ಬ್ಯಾಡ! ಯವ್ವಾ ಬ್ಯಾಡ!" ಅಂತ ಗಿರಿಗಿರಿ ತಿರುಗಿದ. ಮೇಜು ತುಂಬಿತು.

ಗ್ರಾಸಾ ನಿಂತಲ್ಲೇ ನಿಂತ್ಲು. ನಕ್ಕೂ ನಕ್ಕೂ ಕಣ್ಣು ಒರಸಿಕೊಂಡ್ಲು. ಆಮ್ಯಾಲೆ ಒಂದು ಖಣ ಎತ್ತಿ ಬೆಳಕಿಗೆ ಹಿಡಿದ್ಲು. ನಗು ನಿಂತಿತು. ಬೆರಳಿಲೆ ಅಂಚು ತಿಕ್ಕಿದ್ಲು. ಗುರುಬಸವ್ವ ಮಗ್ಗ ಹೊಡೆಯೋದನ್ನ ಕೈಲೆ ಮಾಡಿ ತೋರಿಸಿದ್ಲು, ಹತ್ತು ಬೆರಳು ಎತ್ತಿ, ಮತ್ತ ನಾಕು ಎತ್ತಿದ್ಲು. ಗ್ರಾಸಾ ಹೂಂ ಅಂತ ಗೋಣು ಹಾಕಿ ಮತ್ತ ಕುಂತ್ಲು. ಇಬ್ಬರ ನಡುವ ಮಾತೇ ಬೇಕಾಗಲಿಲ್ಲ. ಮಧ್ಯಾಹ್ನದೊಳಗ ಕಾಗದಕ್ಕ ಸಹಿ ಬಿತ್ತು. ಹದಿನಾಕು ಮಗ್ಗಕ್ಕೂ ವರ್ಷವಿಡೀ ಕೆಲಸ!

ಗುರುಬಸವ್ವಗ ಆವತ್ತು ಮಗನ್ನ ಬೈಯಾಕ ಬಾಯಿ ಬರಲಿಲ್ಲ. ತಲಿ ಸವರಿದ್ಲು. ಆದ್ರೂ ಊರು ಮುಟ್ಟೋತನಕ ಬುದ್ಧಿ ಹೇಳೋದು ಬಿಡಾಕಿ ಅಲ್ಲ.

ತಿರುಗಿ ಹೋಗೋ ದಿನ ವಿಮಾನ ನಿಲ್ದಾಣದಾಗ ಗ್ವಾಡಿ ಮ್ಯಾಲಿನ ಬೋರ್ಡನ್ನ ಮಗನ ಕಡೆಯಿಂದ ಓದಿಸಿದ್ಲು. "ಕೇಳಿದ್ಯಾ? ಯಾರೂ ಇಲ್ಲದ ಚೀಲ ಕಂಡ್ರ ಮುಟ್ಟಬ್ಯಾಡ. ದೂರ ಸರಿ. ಲಗೂನ ಪೊಲೀಸರಿಗೆ ಹೇಳು."

"ಹೂಂ ಯವ್ವಾ, ಹೇಳ್ತೀನಿ."

"ನಾ ಮುಖ ತೊಳ್ಕೊಂಡು ಬರ್ತೀನಿ. ಇಲ್ಲೇ ಇರು."

ಚೀಲ ಕೆಳಗಿಟ್ಟು ಹೋದ್ಲು. ಸಹಿ ಆದ ಕಾಗದ ಅದರಾಗೇ ಇತ್ತು. ಮುಖಕ್ಕ ಎರಡು ಸಲ ನೀರು ಹಾಕ್ಕೊಂಡಿದ್ಲೋ ಇಲ್ಲೋ, ಗಂಟಿ ಹೊಡಕೋಳಾಕ ಶುರು ಆತು. ಮಂದಿ ಎಲ್ಲಾ ದುಡುದುಡು ಹೊರಗ! ಸೀಟಿ, ಕೂಗು, ನಾಯಿ! ಒಬ್ಬ ಪೊಲೀಸಾಕಿ ಗುರುಬಸವ್ವನ ರಟ್ಟಿ ಹಿಡಿದು ಎಳಕೊಂಡು ಬಂದು ಹೊರಗ ಬಿಟ್ಲು.

"ಮುರಿಗೆಪ್ಪಾ! ಮುರಿಗೆಪ್ಪಾ!"

ಮುರಿಗೆಪ್ಪ, ಪೊಲೀಸರು ಅಡ್ಡ ಹಗ್ಗ ಕಟ್ಟಿದ ಕಡೆ, ಎದಿ ಉಬ್ಬಿಸಿ ನಿಂತಿದ್ದ. ದೊಡ್ಡ ಸಾಹೇಬ ಅಂವನ ಕೈ ಕುಲುಕ್ತಿದ್ದ.

"ಯವ್ವಾ, ನೀ ಹೇಳಿದ್ದು ಖರೇ ಆತು! ನೀ ಆಕಡೆ ಹೋದಿ, ಈಕಡೆ ಒಂದು ಚೀಲ, ಮಗ್ಗಲಾಗ ಯಾರೂ ಇಲ್ಲ! ನಾ ಮುಟ್ಟಲಿಲ್ಲ. ದೂರ ಸರಿದೆ. ಲಗೂನ ಹೇಳಿದೆ. ಆಶ್ಚರ್ಯ ಅಂದ್ರ ಯವ್ವಾ, ಥೇಟ್ ನಮ್ಮ ಚೀಲದಂಗೇ ಇತ್ತು! ಮ್ಯಾಲೆ ನಿನ್ನ ಹೆಸರು ಸೈತ ಬರೆದಿದ್ರು, ಅಂಥಾ ಕಳ್ಳರು!"

ಗುರುಬಸವ್ವ ಹಣಿ ಬಡಕೊಂಡ್ಲು.

"ಮತ್ತ ನಮ್ಮ ಚೀಲ ಎಲ್ಲೋ?" ಅಂದ್ಲು.

"ನಮ್ಮದಾ?" ಮುರಿಗೆಪ್ಪ ಆಕಡೆ ಈಕಡೆ ನೋಡಿದ. "ಅದನ್ನ ಇಟ್ಟಾಕಿ ನೀನು. ನನ್ನನ್ನ ಕೇಳ್ತೀಯಲ್ಲ, ಇಷ್ಟು ಹುಷಾರಿಲ್ಲದಿದ್ರ ಹೆಂಗ ಯವ್ವಾ?"